ಅನುಮತಿ ಸಾಹೇಬರ ಸ್ವಂತ ಕತೆ

ಇಪ್ಪತ್ತಾರು ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ಪುಸ್ತಕಗಳು ಅವರ ಮೇಜು ದಾಟಿ ಅಚ್ಚಿಗೆ ಹೋಗಿದ್ದವು. ಅವರ ಹೆಸರು ಬಂದದ್ದು ಒಂದರಲ್ಲಿ ಮಾತ್ರ. ಐದನೇ ತರಗತಿಯ ಭಾಷಾ ಪುಸ್ತಕದ ಕೊನೆಯಲ್ಲಿ, ಕೃತಜ್ಞತೆಗಳ ಪಟ್ಟಿಯಲ್ಲಿ, ಕಾಗದ ಒದಗಿಸಿದ ಕಾರ್ಖಾನೆಯ ಕೆಳಗೆ, ಭೂತಗನ್ನಡಿ ಹಿಡಿದು ಹುಡುಕಬೇಕಾದಷ್ಟು ಸಣ್ಣ ಅಕ್ಷರದಲ್ಲಿ. ಅಲ್ಲೂ ಒಂದು ಒತ್ತಕ್ಷರ ಬಿಟ್ಟುಹೋಗಿ, ಅದು ಮನುಷ್ಯನ ಹೆಸರೋ ತರಕಾರಿಯ ಹೆಸರೋ ತಿಳಿಯದಂತಾಗಿತ್ತು. ಆದರೂ ಅವರು ಆ ಪುಟಕ್ಕೆ ಒಂದು ರಿಬ್ಬನ್ ಇಟ್ಟು, ಪುಸ್ತಕವನ್ನು ಮನೆಯ ಗಾಜಿನ ಕಪಾಟಿನಲ್ಲಿ ಕಾಣುವಂತೆ ನಿಲ್ಲಿಸಿದ್ದರು.

ಕಚೇರಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಅನುಮತಿ ಸಾಹೇಬರು ಎಂದು. ಪಠ್ಯಪುಸ್ತಕ ಅಚ್ಚು ಮಾಡುವ ಆ ಪ್ರಕಾಶನ ಸಂಸ್ಥೆಯಲ್ಲಿ ಅನುಮತಿ ವಿಭಾಗವೆಂದರೆ ಅವರೊಬ್ಬರೇ, ಜೊತೆಗೆ ಒಂದು ಕಬ್ಬಿಣದ ಕಪಾಟು ಮತ್ತು ಕುತ್ತಿಗೆ ತಿರುಗಿಸಲಾಗದ ಒಂದು ಫ್ಯಾನು. ಯಾರದೋ ಪದ್ಯ, ಯಾರೋ ಬಿಡಿಸಿದ ಚಿತ್ರ, ಯಾರೋ ತೆಗೆದ ಫೋಟೋ ಪುಸ್ತಕಕ್ಕೆ ಬೇಕೆಂದಾಗ, ಅದರ ಒಡೆಯರನ್ನು ಪತ್ತೆಹಚ್ಚಿ, ಕೈಮುಗಿದಂಥ ಭಾಷೆಯಲ್ಲಿ ಪತ್ರ ಬರೆದು, ಒಪ್ಪಿಗೆ ತರಿಸಿ ಫೈಲು ಮಾಡುವುದು ಅವರ ಕೆಲಸ. ಕವಿಯೊಬ್ಬರು ಒಮ್ಮೆ ಲಕೋಟೆಯ ಮೇಲೆ 'ಶ್ರೀ ಅನುಮತಿ ಅವರಿಗೆ' ಎಂದೇ ಬರೆದಿದ್ದರು. ಪೋಸ್ಟಿನವನು ದಾರಿ ತಪ್ಪದೆ ತಂದುಕೊಟ್ಟಿದ್ದ.

ಪ್ರತಿ ವರ್ಷ ಹೊಸದಾಗಿ ಸೇರಿದ ಸಂಪಾದಕರಿಗೆ ಅವರು ಅರ್ಧ ದಿನ ಪಾಠ ಮಾಡುತ್ತಿದ್ದರು. ಮೊದಲು ಕೇಳಿ. ಬರವಣಿಗೆಯಲ್ಲಿ ಪಡೆಯಿರಿ. ಹೆಸರು ಹಾಕಿ. ಸಿಕ್ಕಿದ್ದೆಲ್ಲ ಬಿಟ್ಟಿಯಲ್ಲ. ನಾಲ್ಕು ಪದ ಬದಲಾಯಿಸಿದ ಮಾತ್ರಕ್ಕೆ ಕದ್ದದ್ದು ಸ್ವಂತದ್ದಾಗುವುದಿಲ್ಲ. ಇದನ್ನೆಲ್ಲ ಸೇರಿಸಿ ಹದಿನಾರು ಪುಟದ ಕೈಪಿಡಿಯೊಂದನ್ನೂ ಬರೆದುಕೊಟ್ಟಿದ್ದರು. ಸಂಸ್ಥೆ ಅದನ್ನು ಚೆಂದವಾಗಿ ಅಚ್ಚು ಹಾಕಿಸಿತು. ಬರೆದವರ ಹೆಸರು ಹಾಕಲು ಮರೆಯಿತು.

ಹೀಗಿರುವಾಗ ಒಂದು ದಿನ ಗೋಡೆಗೆ ಸುಣ್ಣ ಬಳಿಯುವವರು ಬಂದರು. ಕಪಾಟು ಸರಿಸಬೇಕಾಯಿತು. ಅದರ ಹಿಂದೆ, ಗೋಡೆಗೂ ಕಬ್ಬಿಣಕ್ಕೂ ನಡುವೆ ಸಿಕ್ಕಿಕೊಂಡು, ನಾಲ್ಕು ವರ್ಷ ಹಳೆಯ ಲಕೋಟೆಯೊಂದಿತ್ತು. ಒಳಗೆ ದುಂಡಗಿನ ಕೈಬರಹದಲ್ಲಿ ಒಂಬತ್ತು ಪುಟದ ಮಕ್ಕಳ ಕತೆ, ಜೊತೆಗೆ ಚಿಕ್ಕ ಪತ್ರ: 'ಈ ಕತೆ ಎಲ್ಲೂ ಅಚ್ಚಾಗಿಲ್ಲ. ನಿಮ್ಮ ಪುಸ್ತಕಕ್ಕೆ ಆಗುವಂತಿದ್ದರೆ ತೆಗೆದುಕೊಳ್ಳಿ. ಬೇರೇನೂ ಬೇಡ, ನನ್ನ ಹೆಸರು ಹಾಕಿದರೆ ಸಾಕು.' ಕೆಳಗೆ ಒಬ್ಬ ಹೆಂಗಸಿನ ಸಹಿ. ಊರಿನ ಆ ತುದಿಯ ಒಂದು ವಿಳಾಸ.

ಸಾಹೇಬರು ನಿಂತಲ್ಲೇ ಓದಿದರು. ಗಾಳಿಯು ಒಬ್ಬ ದರ್ಜಿಯ ಬಳಿ ಬಂದು ತನಗೊಂದು ಅಂಗಿ ಹೊಲಿದುಕೊಡು ಎಂದು ಕೇಳುತ್ತದೆ. ದರ್ಜಿ ಟೇಪು ಹಿಡಿಯುತ್ತಾನೆ, ಗಾಳಿ ಒಂದು ಕಡೆ ನಿಲ್ಲುವುದಿಲ್ಲ. ಬೆಳಿಗ್ಗೆ ತೆಗೆದ ಅಳತೆ ಮಧ್ಯಾಹ್ನಕ್ಕೆ ಬಿಗಿ, ಸಂಜೆಗೆ ಸಡಿಲ. ಹೊಲಿದದ್ದನ್ನು ಬಿಚ್ಚಿ, ಬಿಚ್ಚಿದ್ದನ್ನು ಹೊಲಿದು, ಕೊನೆಗೆ ಆ ಬಡಪಾಯಿ ತನ್ನ ಅಂಗಿಯನ್ನೇ ಒಗೆದು ತಂತಿಗೆ ಹಾಕಿ ಮಲಗಿಬಿಡುತ್ತಾನೆ. ಎದ್ದು ನೋಡಿದರೆ ಗಾಳಿ ಅದರೊಳಗೆ ಹೊಕ್ಕು, ತೋಳು ಬೀಸುತ್ತ, ಎದೆಯುಬ್ಬಿಸಿಕೊಂಡು ನಿಂತಿದೆ. ಅಂದಿನಿಂದ ಒಣಗಲು ಹಾಕಿದ ಅಂಗಿಯೊಳಗೆ ಯಾರೋ ಇದ್ದಂತೆ ಕಾಣುತ್ತದೆ.

ಓದಿ ಮುಗಿಸಿ ಕಿಟಕಿಯಾಚೆ ನೋಡಿದರು. ಎದುರು ಮನೆಯ ತಾರಸಿಯಲ್ಲಿ ಯಾರದೋ ನೀಲಿ ಅಂಗಿ ಒಣಗುತ್ತಿತ್ತು. ಸುಣ್ಣದವರು ಏಣಿ ಹಿಡಿದುಕೊಂಡು, "ಸ್ವಲ್ಪ ಆ ಕಡೆ ಹೋಗ್ತೀರಾ ಸಾರ್?" ಎಂದು ಮೂರು ಸಲ ಕೇಳಿದ ಮೇಲೆ ಅವರಿಗೆ ಎಚ್ಚರವಾಯಿತು.

ಮೊದಲ ದಿನ ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದನ್ನು ಅವರು ಆಮೇಲೂ ಪದೇ ಪದೇ ತಮಗೇ ಹೇಳಿಕೊಂಡರು, ಎದುರಿಗೆ ಯಾರೋ ವಕೀಲರು ಕೂತಿದ್ದಾರೇನೋ ಎಂಬಂತೆ. ತಡವಾದ ಉತ್ತರಕ್ಕೆ ಕ್ಷಮೆ ಕೋರಿ ಆ ಹೆಂಗಸಿಗೆ ಪತ್ರ ಬರೆದರು. ಹತ್ತು ದಿನಕ್ಕೆ ಪತ್ರ ವಾಪಸು ಬಂತು. ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಪದ: 'ತೀರಿಕೊಂಡಿದ್ದಾರೆ.'

ತಮ್ಮ ಕೈಪಿಡಿಯ ಒಂಬತ್ತನೆಯ ಪುಟದಲ್ಲಿ ಅವರೇ ಬರೆದಿದ್ದರು: ಕರ್ತೃ ತೀರಿಕೊಂಡರೂ ಹಕ್ಕು ತೀರುವುದಿಲ್ಲ, ಅದು ದಶಕಗಟ್ಟಲೆ ವಾರಸುದಾರರ ಬಳಿ ಇರುತ್ತದೆ. ಸರಿ. ಆದರೆ ಹಕ್ಕಿದೆ ಎಂದ ಮೇಲೆ ಅದನ್ನು ಕೇಳಲು ಯಾರಾದರೂ ಇರಬೇಕಲ್ಲ? ಕದ್ದವರು ಎಲ್ಲಿ ಸಿಕ್ಕಿಬೀಳುತ್ತಾರೆಂದು ಅವರಿಗೆ ಗೊತ್ತಿದ್ದಷ್ಟು ಆ ಊರಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷ ಬೀಗ ರಿಪೇರಿ ಮಾಡಿದವನಿಗೆ ಒಂದು ದಿನವಾದರೂ ಬಾಗಿಲು ತೆರೆದು ನೋಡುವ ಆಸೆಯಾಗಬಾರದೆ?

ಭಾನುವಾರ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಫೈಲು ಹಿಡಿದು ಆ ವಿಳಾಸಕ್ಕೆ ಹೋದರು. ಮೂರಂತಸ್ತಿನ ಹಳೆಯ ಕಟ್ಟಡ. ಆ ಹೆಂಗಸು ಮೇಲಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರಂತೆ. ಮನೆ ಮಾಲೀಕ ಮೆಟ್ಟಿಲ ಮೇಲೆ ಕೂತು ಸೈಕಲ್ ಪಂಪು ಬಿಚ್ಚುತ್ತಿದ್ದ. ಕಟ್ಟಡ ಕೊಂಡು ಮೂರು ವರ್ಷವಾಯಿತು, ಆಕೆ ಹೋಗಿ ಎರಡು ವರ್ಷ ಎಂದ.

"ಮಕ್ಕಳು ಯಾರಾದ್ರೂ ಇದ್ದಾರಾ?" ಎಂದು ಸಾಹೇಬರು ಕೇಳಿದರು.

"ಮದುವೇನೇ ಆಗಿರ್ಲಿಲ್ಲ. ಮಕ್ಕಳೆಲ್ಲಿಂದ ಬರ್ತಾರೆ?"

"ಅಣ್ಣ, ತಮ್ಮ, ಅಕ್ಕನ ಮಕ್ಕಳು?"

"ಒಬ್ಬ ತಮ್ಮ ಇದ್ನಂತೆ. ಅವನು ಇವರಿಗಿಂತ ಮೊದ್ಲೇ ಹೋದ. ಯಾಕೆ ಸಾರ್, ಆಸ್ತಿ ಗೀಸ್ತಿ ಏನಾದ್ರೂ ಇತ್ತಾ?"

"ಛೆ ಛೆ, ಇಲ್ಲ. ಒಂದು ಪತ್ರ ಕೊಡೋದಿತ್ತು. ಅವರ ಕಾಗದ, ಪುಸ್ತಕ ಏನಾದ್ರೂ ಉಳಿದಿದೆಯಾ?"

"ಎರಡು ಗೋಣಿಚೀಲ ಇತ್ತು, ರದ್ದಿಗೆ ಹಾಕಿದ್ವಿ. ಉಯಿಲು ಗಿಯಿಲು ಏನೂ ಇರ್ಲಿಲ್ಲ ಬಿಡಿ, ನಾನೂ ನೋಡ್ದೆ."

ಸಾಹೇಬರು ತಲೆಯಲ್ಲೇ ಒಂದೊಂದಕ್ಕೂ ಗುರುತು ಹಾಕಿಕೊಂಡರು. ಸಂತಾನವಿಲ್ಲ. ಒಡಹುಟ್ಟಿದವರಿಲ್ಲ. ಉಯಿಲಿಲ್ಲ. ಬೇರೆ ಪ್ರತಿ ಇಲ್ಲ. ವಾರಸುದಾರರ ವಿಚಾರಣೆಯನ್ನು ಅವರು ಇಷ್ಟು ಅಚ್ಚುಕಟ್ಟಾಗಿ ಇದುವರೆಗೆ ಮಾಡಿರಲಿಲ್ಲ. ಆದರೆ ಫೈಲಿನಲ್ಲಿ ಬರೆದಿಡಲಾಗದ ವಿಚಾರಣೆ ಇದೊಂದೇ ಎಂದು ಬಸ್ಸಿನಲ್ಲಿ ಬರುವಾಗ ಸ್ವಲ್ಪ ಬೇಸರವಾಯಿತು.

ಮುಂದಿನ ಒಂದು ತಿಂಗಳು ಅವರು ಊರಿನ ಎರಡು ಗ್ರಂಥಾಲಯಗಳಲ್ಲಿ ಹಳೆಯ ಮಕ್ಕಳ ಪತ್ರಿಕೆಗಳ ಕಟ್ಟುಗಳನ್ನೆಲ್ಲ ತಿರುವಿಹಾಕಿದರು. ಧೂಳಿಗೆ ಸೀನು ಹತ್ತಿತು. ಕತೆಯ ಸಾಲುಗಳನ್ನು ಒಂದೊಂದಾಗಿ ಅಂತರ್ಜಾಲದಲ್ಲಿ ಹಾಕಿ ಹುಡುಕಿದರು. ಕೃತಿಚೌರ್ಯ ಪತ್ತೆಹಚ್ಚಲು ಸಂಸ್ಥೆ ಅವರ ಬೇಡಿಕೆಯ ಮೇರೆಗೇ ತರಿಸಿದ್ದ ತಂತ್ರಾಂಶಕ್ಕೂ ತಿನ್ನಿಸಿ ನೋಡಿದರು. ಅದು ಅರ್ಧ ನಿಮಿಷ ಯೋಚಿಸಿ ಹಸಿರು ಬಣ್ಣದಲ್ಲಿ ಹೇಳಿತು: 'ನೂರಕ್ಕೆ ನೂರು ಸ್ವಂತ.' ಸಾಹೇಬರಿಗೆ ಯಂತ್ರದ ಮೇಲೆ ಅಕ್ಕರೆ ಉಕ್ಕಿತು.

ಆದರೂ ಅವರು ಒರಟು ಕಳ್ಳರಲ್ಲ. ಇದ್ದದ್ದನ್ನು ಇದ್ದ ಹಾಗೆ ಎತ್ತಿಕೊಳ್ಳುವುದು ಅವರ ಘನತೆಗೆ ತಕ್ಕದ್ದಾಗಿರಲಿಲ್ಲ. ಬರಿಯ ಹೊಳಹಿಗೆ ಯಾರ ಹಕ್ಕೂ ಇರುವುದಿಲ್ಲ, ಹಕ್ಕಿರುವುದು ಅದನ್ನು ಹೇಳಿದ ರೀತಿಗೆ. ಆದ್ದರಿಂದ ಗಾಳಿ ಮತ್ತು ದರ್ಜಿಯನ್ನು ಇಟ್ಟುಕೊಂಡು, ಉಳಿದದ್ದನ್ನು ತಮ್ಮದೇ ಮಾತಿನಲ್ಲಿ ಬರೆದರಾಯಿತು, ಆಗ ಇದು ಕಳವೇ ಅಲ್ಲ. ಹೀಗೆಂದು ತೀರ್ಮಾನಿಸಿ, ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಬಿಳಿ ಹಾಳೆ ಹರಡಿಕೊಂಡು ಕೂತರು.

ಮಧ್ಯಾಹ್ನದ ಹೊತ್ತಿಗೆ ಅವರ ದರ್ಜಿ ಗಾಳಿಗೆ ಹೀಗೆ ಹೇಳುತ್ತಿದ್ದ: 'ತಮ್ಮ ಕೋರಿಕೆಯನ್ನು ಗಮನಿಸಲಾಗಿದೆ. ಅಳತೆಯ ವಿವರಗಳನ್ನು ಶೀಘ್ರ ಒದಗಿಸಬೇಕಾಗಿ ವಿನಂತಿ.' ಗಾಳಿಯೂ ಅಷ್ಟೇ ಮರ್ಯಾದೆಯಿಂದ ಉತ್ತರಿಸುತ್ತಿತ್ತು. ಸಾಹೇಬರು ಓದಿ ನೋಡಿಕೊಂಡರು. ಕತೆ ಸತ್ತು ಬಿದ್ದಿತ್ತು, ನಕಲು ಪ್ರತಿಯನ್ನು ಮಾಹಿತಿಗಾಗಿ ಯಾರಿಗಾದರೂ ಕಳಿಸುವುದಷ್ಟೇ ಬಾಕಿ.

ಒಂದು ಸಾಲು ಆ ಹೆಂಗಸಿನದನ್ನು ಹಾಕಿದರು, ಬರೀ ಒಂದು. ಆ ಸಾಲಿಗೆ ಜೀವ ಬಂತು, ಅದರ ಅಕ್ಕಪಕ್ಕದವು ಇನ್ನಷ್ಟು ಪೇಲವವಾಗಿ ಕಂಡವು. ಇನ್ನೊಂದು ಹಾಕಿದರು. ಹೀಗೆ ಸಾಲು ಸಾಲಾಗಿ ತಮ್ಮದನ್ನು ತೆಗೆದು ಆಕೆಯದನ್ನು ಹಾಕುತ್ತ, ಸಂಜೆಗೆ ನೋಡಿದರೆ ಒಂಬತ್ತು ಪುಟದಲ್ಲಿ ಅವರದೆಂದು ಉಳಿದದ್ದು ಎರಡು ಅಲ್ಪವಿರಾಮ ಮತ್ತು 'ಆದಾಗ್ಯೂ' ಎಂಬ ಒಂದು ಪದ. ಆ 'ಆದಾಗ್ಯೂ' ಇದ್ದಲ್ಲಿ ಓದುವವರ ನಾಲಿಗೆ ಎಡವುತ್ತಿತ್ತು. ಅದನ್ನೂ ಹೊಡೆದುಹಾಕಿದರು.

ಸಾಕ್ಷ್ಯದ ಕೆಲಸ ಇನ್ನೂ ನಾಜೂಕಾದದ್ದು. ಸ್ವಂತವಾಗಿ ಬರೆದವನ ಬಳಿ ಕರಡುಗಳಿರುತ್ತವೆ, ಕದ್ದವನ ಬಳಿ ಇರುವುದಿಲ್ಲ. ಇದು ಅವರದೇ ಪಾಠ. ಆದ್ದರಿಂದ ಅವರು ಮೂರು ಕರಡುಗಳನ್ನು ತಯಾರಿಸಿದರು. ಮೊದಲನೆಯದು ನೀಲಿ ಶಾಯಿ, ಎರಡನೆಯದು ಕಪ್ಪು, ಮೂರನೆಯದಕ್ಕೆ ಪೆನ್ಸಿಲ್ಲಿನ ತಿದ್ದುಪಡಿ, ಚಹಾ ಲೋಟದ ಒಂದು ಉಂಗುರ. ಅದೂ ಸರಿಯಾಗಿ ಮೂಡದೆ ಎರಡು ಸಲ ಒತ್ತಬೇಕಾಯಿತು. ತಮ್ಮ ಆ ಸತ್ತ ಕತೆಯನ್ನೇ ಮೊದಲ ಕರಡು ಮಾಡಿದರು. ಇಡೀ ವ್ಯವಹಾರದಲ್ಲಿ ಅವರು ನಿಜವಾಗಿ ಬರೆದದ್ದು ಅದೊಂದೇ, ಅದು ಅವರದೆಂಬುದನ್ನು ಯಾವ ನ್ಯಾಯಾಲಯವೂ ಅನುಮಾನಿಸುವಂತಿರಲಿಲ್ಲ.

ಮೂಲ ಪ್ರತಿ ಮತ್ತು ಪತ್ರವನ್ನು ಕಚೇರಿಯ ಹಳೆಯ ಕಾಗದ ಚೂರುಚೂರು ಮಾಡುವ ಯಂತ್ರಕ್ಕೆ ಕೊಟ್ಟರು. ಕೊಡುವಾಗ ಕೈ ಸ್ವಲ್ಪ ತಡೆಯಿತು, ಯಂತ್ರ ತಡೆಯಲಿಲ್ಲ. ನಾಲ್ಕು ವರ್ಷದ ಹಿಂದಿನ ಒಳಬಂದ ಟಪಾಲಿನ ರಿಜಿಸ್ಟರಿನಲ್ಲಿ 'ಮಕ್ಕಳ ಕತೆ, ಒಂದು' ಎಂಬ ನಮೂದಿತ್ತು. ಹಳೆಯ ರಿಜಿಸ್ಟರುಗಳನ್ನು ವಿಲೇವಾರಿ ಮಾಡಬೇಕೆಂಬ ಸುತ್ತೋಲೆಯೊಂದು ಎಂದಿನಿಂದಲೋ ಬಿದ್ದುಕೊಂಡಿತ್ತು. ಸಾಹೇಬರು ಅದನ್ನು ಶ್ರದ್ಧೆಯಿಂದ ಪಾಲಿಸಿದರು. ಇಷ್ಟು ಶಿಸ್ತಿನ ನೌಕರ ಸಿಕ್ಕಿದ್ದಕ್ಕೆ ಆಡಳಿತ ವಿಭಾಗದವರು ಧನ್ಯವಾದ ಹೇಳಿದರು.

ಪ್ರಧಾನ ಸಂಪಾದಕಿ ಕತೆಯನ್ನು ಓದಿ ಕನ್ನಡಕ ತೆಗೆದಿಟ್ಟರು.

"ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?"

ಅದು ಹೊಗಳಿಕೆ ಎಂದು ತಿಳಿಯಲು ಸಾಹೇಬರಿಗೆ ಕ್ಷಣ ಹಿಡಿಯಿತು. "ಹಾಗೇ ಸುಮ್ನೆ... ಬಿಡುವಾದಾಗ," ಎಂದರು.

"ಬೇರೆಯವರ ಹೆಸರು ಕಾಪಾಡ್ತಾ ಕೂತು ನಿಮ್ಮನ್ನ ನೀವೇ ಮರೆತುಬಿಟ್ರಲ್ಲ! ಇದನ್ನ ಚಿತ್ರಪುಸ್ತಕ ಮಾಡೋಣ. ಆಮೇಲೆ ಮೂರನೇ ತರಗತಿ ಪಠ್ಯಕ್ಕೂ ಹಾಕೋಣ." ಆಮೇಲೆ ನಕ್ಕು, "ನಿಯಮ ಎಲ್ಲರಿಗೂ ಒಂದೇ, ಫಾರಂ ತುಂಬಿಕೊಡಿ," ಎಂದರು.

ಆ ಫಾರಂ ರಚಿಸಿದವರು ಸಾಹೇಬರೇ. ಏಳನೆಯ ಕಲಮಿನ ಮೇಲಂತೂ ಅವರಿಗೆ ವಿಶೇಷ ಹೆಮ್ಮೆ: 'ಈ ಕೃತಿಯು ನನ್ನ ಸ್ವಂತದ್ದಾಗಿದ್ದು, ಇದರ ಯಾವುದೇ ಭಾಗವನ್ನು ಬೇರೆಲ್ಲಿಂದಲೂ ತೆಗೆದುಕೊಂಡಿರುವುದಿಲ್ಲ.' ಯಾವ ಕಡೆಯಿಂದಲೂ ನುಸುಳಲು ಸಂದಿಯಿಲ್ಲದ ವಾಕ್ಯ. ಸಹಿ ಹಾಕುವಾಗ ಅದನ್ನು ಸ್ವಲ್ಪ ಸಡಿಲವಾಗಿ ಬರೆಯಬಹುದಿತ್ತು ಅನ್ನಿಸಿತು.

ಮನೆಯಲ್ಲಿ ಹೆಂಡತಿಗೆ ಓದಿ ಹೇಳಿದರು. ಆಕೆ ಮಡಚುತ್ತಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೂ ಕೇಳಿದರು. ಬೇರೆ ಊರಿನಿಂದ ಮದುವೆಯಾಗಿ ಬಂದು ಮೂವತ್ತು ವರ್ಷವಾಗಿತ್ತು. ಗಂಡ ಓದಿದ್ದನ್ನು ಕೈ ನಿಲ್ಲಿಸಿ ಕೇಳಿದ್ದು ಇದೇ ಮೊದಲು.

"ಇದು ನೀವು ಬರ್ದಿದ್ದಾ?"

"ಮತ್ತೆ ಯಾರು ಬರೀತಾರೆ?"

"ನೀವು ಬರ್ದ ಹಾಗಿಲ್ಲ. ಎಷ್ಟು ಚೆನ್ನಾಗಿದೆ!"

ಸಾಹೇಬರಿಗೆ ನಿಜವಾಗಿಯೂ ನೋವಾಯಿತು. ಕಟ್ಟಿಕೊಂಡ ಹೆಂಡತಿಗೇ ನಂಬಿಕೆಯಿಲ್ಲವೆಂದರೆ ಏನರ್ಥ? ಎರಡು ದಿನ ಮಾತು ಬಿಟ್ಟರು. ನಿರಪರಾಧಿಯೊಬ್ಬ ಪಡುವ ಸಂಕಟದ ಒಂದಂಶವೂ ಅದರಲ್ಲಿ ಕಡಿಮೆಯಿರಲಿಲ್ಲ. ಮೂರನೆಯ ದಿನ ಆಕೆ, "ನಾನು ಹೊಗಳಿದ್ದು ರೀ," ಎಂದು ಚಹಾ ಕೊಟ್ಟಾಗ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು. ನಿಜ ಹೇಳಬೇಕೆಂದರೆ ಅಷ್ಟರಲ್ಲಿ ಅವರಿಗೇ ಆ ಹೆಂಗಸಿನ ಹೆಸರು ಸರಿಯಾಗಿ ನೆನಪಾಗುತ್ತಿರಲಿಲ್ಲ. ಗಾಳಿ ಮೊದಲ ಸಲ ದರ್ಜಿಯ ಬಾಗಿಲು ತಟ್ಟಿದ್ದು ತಮಗೇ ಹೊಳೆದದ್ದು ಎಂದು, ಯಾವ ಬೆಳಿಗ್ಗೆ ಎಂಬುದರ ಸಮೇತ, ನೆನಪಾಗತೊಡಗಿತ್ತು.

ಪುಸ್ತಕ ಬಂತು. ರಕ್ಷಾಪುಟದ ಮೇಲೆ ಹೆಬ್ಬೆರಳು ಗಾತ್ರದ ಅಕ್ಷರದಲ್ಲಿ ಅವರ ಹೆಸರು, ಎಲ್ಲ ಒತ್ತಕ್ಷರಗಳ ಸಮೇತ. ಅವರು ಬೆರಳಿಟ್ಟು ಸವರಿ ನೋಡಿದರು. ಅಕ್ಷರ ಕೊಂಚ ಉಬ್ಬಿತ್ತು.

ಬಿಡುಗಡೆ ಒಂದು ಶನಿವಾರ ಬೆಳಿಗ್ಗೆ, ಸಂಸ್ಥೆಯ ಸಭಾಂಗಣದಲ್ಲಿ. ಪ್ರಕಾಶನದವರು ಪತ್ರಿಕೆಯಲ್ಲಿ ಆಹ್ವಾನ ಹಾಕಿಸಿದ್ದರು. ಇನ್ನೂರು ಕುರ್ಚಿ ಸಾಲದೆ ಗೋಡೆಗುಂಟ ಜನ ನಿಂತಿದ್ದರು. ಮುಂದೆ ಹೆಂಡತಿ, ಮೈದುನ, ನಾದಿನಿಯ ಸಂಸಾರ. ಹಿಂದೆ ಬೈಂಡಿಂಗ್ ವಿಭಾಗದ ಹೆಂಗಸರು, ಅಂಟಿನ ಕಲೆಯ ಏಪ್ರನ್ ತೆಗೆದಿಟ್ಟು, ಮುಖ ತೊಳೆದುಕೊಂಡು ಬಂದು ಎರಡು ಸಾಲು ತುಂಬಿ ಕೂತಿದ್ದರು. ಮುಖ್ಯ ಅತಿಥಿ ಊರಿನ ಹೆಸರಾಂತ ಕಣ್ಣಿನ ಡಾಕ್ಟರು, ಐವತ್ತರ ಹೆಂಗಸು. ಅಂದು ಬೆಳಿಗ್ಗೆಯೂ ಮೂರು ಆಪರೇಷನ್ ಮುಗಿಸಿ ನೇರ ವೇದಿಕೆಗೆ ಬಂದವರು, ಪುಸ್ತಕವನ್ನಿನ್ನೂ ತೆರೆದೂ ನೋಡಿರಲಿಲ್ಲ.

ಪ್ರಧಾನ ಸಂಪಾದಕಿ ಮಾತಾಡುತ್ತ, "ಇವರಷ್ಟು ಪ್ರಾಮಾಣಿಕರನ್ನ ನಾನು ನೋಡಿಲ್ಲ. ಒಂದು ಅಲ್ಪವಿರಾಮ ಬೇರೆಯವರದ್ದಾದ್ರೂ ಅನುಮತಿ ಕೇಳೋ ಜನ," ಎಂದರು. ಚಪ್ಪಾಳೆ ಬಿತ್ತು. ಸಾಹೇಬರು ತಲೆ ತಗ್ಗಿಸಿದರು. ಅದು ವಿನಯವೆಂದು ಎಲ್ಲರೂ ತಿಳಿದರು. ಒಂದು ಕ್ಷಣದ ಮಟ್ಟಿಗೆ ಅವರೂ ಹಾಗೆಯೇ ತಿಳಿದರು.

ಆಮೇಲೆ ಓದಲು ಎದ್ದರು. ಮೈಕು ಸರಿಮಾಡಿಕೊಂಡು, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ದನಿಯಲ್ಲಿ ಶುರು ಮಾಡಿದರು. ಗಾಳಿ ಬಂತು, ಬಾಗಿಲು ತಟ್ಟಿತು, ಅಂಗಿ ಬೇಕೆಂದಿತು. ಸಭಿಕರು ಕುರ್ಚಿಯ ತುದಿಗೆ ಸರಿದರು. ಎಷ್ಟು ಗಾಢವಾಗಿ ಕೇಳುತ್ತಿದ್ದಾರೆ, ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆ, ನಗುತ್ತಿದ್ದಾರೆ! ಇಪ್ಪತ್ತಾರು ವರ್ಷ ಪರರ ಹೆಸರು ಹೊತ್ತ ಹೆಗಲಿನಿಂದ ಭಾರ ಇಳಿದಂತಾಯಿತು. ದರ್ಜಿ ಟೇಪು ಬಿಚ್ಚಿ ಮೊದಲ ಪ್ರಶ್ನೆ ಕೇಳುವ ಜಾಗಕ್ಕೆ ಬಂದು, ಪರಿಣಾಮಕ್ಕಾಗಿ ಒಂದು ಕ್ಷಣ ನಿಂತು, ಓದಿದರು: 'ಗಾಳಿಯಣ್ಣ, ಗಾಳಿಯಣ್ಣ, ನಿನ್ನ ತೋಳೆಷ್ಟು?'

"ಚಾಚಿದಷ್ಟು!" ಎಂದಿತು ಬೈಂಡಿಂಗ್ ಸಾಲಿನಿಂದ ಒಂದು ದನಿ.

ಸಾಹೇಬರು ತಲೆಯೆತ್ತಿದರು. ಆ ಮಾತು ಪುಸ್ತಕದಲ್ಲಿರಲಿಲ್ಲ. ಆ ಒಂಬತ್ತು ಪುಟಗಳಲ್ಲೂ ಇರಲಿಲ್ಲ. ಅಲ್ಲಿ ಗಾಳಿ ಉತ್ತರ ಕೊಡದೆ ನಕ್ಕು ಓಡುತ್ತಿತ್ತು, ಅಷ್ಟೇ. ಯಾರೋ ಉತ್ಸಾಹದಲ್ಲಿ ಕೂಗಿರಬೇಕೆಂದುಕೊಂಡು, ಮುಗುಳ್ನಕ್ಕು, ಮುಂದಿನ ಸಾಲಿಗೆ ಹೋದರು: 'ಗಾಳಿಯಣ್ಣ, ಗಾಳಿಯಣ್ಣ, ನಿನ್ನ ಎದೆಯೆಷ್ಟು?'

"ಉಸಿರು ಹಿಡಿದಷ್ಟು!" ಎಂದು ಈ ಸಲ ಹಿಂದಿನ ಎರಡು ಸಾಲು, ಗೋಡೆಗೆ ಒರಗಿದ್ದ ಹತ್ತಾರು ಜನ, ಬಾಗಿಲ ಬಳಿಯಿದ್ದ ಸಂಸ್ಥೆಯ ಡ್ರೈವರು, ಎಲ್ಲರೂ ಒಟ್ಟಿಗೆ ಕೂಗಿ, ಎದೆಯುಬ್ಬಿಸಿ ಉಸಿರು ಬಿಗಿಹಿಡಿದರು, ಅವರಲ್ಲಿ ಮೂವತ್ತರವರೂ ಇದ್ದರು, ಅರವತ್ತರವರೂ ಇದ್ದರು. ಸಾಹೇಬರ ಪಕ್ಕದಲ್ಲಿ ಕಣ್ಣಿನ ಡಾಕ್ಟರೂ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದರು. ಆಮೇಲೆ ಉಸಿರು ಬಿಟ್ಟು, ನೀರು ತುಂಬಿದ ಕಣ್ಣು ಒರೆಸಿಕೊಂಡು, ಮೈಕಿನತ್ತ ಬಾಗಿ, "ಅಯ್ಯೋ, ಇದು ನಮ್ಮ ಟೀಚರ್ ಕತೆ! ಮೂರನೇ ಕ್ಲಾಸಲ್ಲಿ, ಶನಿವಾರ ಕೊನೇ ಪೀರಿಯಡ್ಡು. ಮೂವತ್ತು ವರ್ಷ ಇದೇ ಊರಿನ ಒಂದೇ ಸ್ಕೂಲಲ್ಲಿ, ಯಾವ ಬ್ಯಾಚಿಗೂ ತಪ್ಪಿಸ್ಲಿಲ್ಲ. ಟೀಚರ್ ಹೆಸರು ಯಾವ ಪುಟದಲ್ಲಿ ಹಾಕಿದ್ದೀರಿ ಸಾರ್, ತೋರಿಸಿ," ಎಂದು ಪುಸ್ತಕಕ್ಕೆ ಕೈ ಚಾಚಿದರು. ಸಾಹೇಬರು ಆ ಮನೆಯ ಮೆಟ್ಟಿಲ ಬಳಿ ನಿಂತು ಮಕ್ಕಳನ್ನು ಕೇಳಿದ್ದರು, ತಮ್ಮನನ್ನು ಕೇಳಿದ್ದರು, ಉಯಿಲನ್ನು ವಿಚಾರಿಸಿದ್ದರು, ರದ್ದಿ ಕಾಗದವನ್ನೂ ಬಿಟ್ಟಿರಲಿಲ್ಲ. ಆಕೆ ಬದುಕಿದ್ದಾಗ ಏನು ಕೆಲಸ ಮಾಡುತ್ತಿದ್ದರು ಎಂದು ಮಾತ್ರ ಕೇಳಿರಲಿಲ್ಲ.